30×40 ಸೈಟಿನಲ್ಲಿ ತೆಂಗಿನ ಮರ ಬೇಕೆ?

ಪರ

ಬೆಂಗಳೂರಿನಲ್ಲಿ ಮನೆ ಕಟ್ಟಿಸಲು ಹೊರಟರೆ ಮೇಸ್ತ್ರಿಯ ಮೊದಲ ಮಾತು: "ತೆಂಗು ತೆಗೆಸಿಬಿಡಿ ಸಾರ್, ಬೇರು ಪಾಯ ಎತ್ತುತ್ತೆ." ಆಲ ಮಾಡಿದ ಪಾಪವನ್ನು ತೆಂಗಿನ ತಲೆಗೆ ಕಟ್ಟುವ ಮಾತಿದು. ತೆಂಗಿಗೆ ತಾಯಿಬೇರೇ ಇಲ್ಲ. ಬುಡದಿಂದ ಸಾವಿರಾರು ಬೇರು ಹೊರಡುತ್ತವೆ, ಒಂದೊಂದೂ ಹೆಚ್ಚೆಂದರೆ ಕಿರುಬೆರಳ ಗಾತ್ರ. ಮರಕ್ಕೆ 50 ವರ್ಷವಾದರೂ ಅಷ್ಟೇ. ದಪ್ಪವಾಗದ ಬೇರು ಗೋಡೆ ಒಡೆಯುವುದು ಹೇಗೆ? ಸಂಪು ಮೊದಲೇ ಬಿರುಕು ಬಿಟ್ಟಿದ್ದರೆ ನೀರು ಹುಡುಕಿಕೊಂಡು ಒಳನುಗ್ಗುತ್ತದೆ, ನಿಜ. ಅದು ಸಂಪು ಕಟ್ಟಿದವನ ತಪ್ಪು.

ನೆಡುವುದೂ ಕಷ್ಟವಲ್ಲ. ಉದ್ದ, ಅಗಲ, ಆಳ ಮೂರೂ 3 ಅಡಿಯ ಗುಂಡಿ. ತಳಕ್ಕೆ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲಾಗುವಂತೆ ಎರಡು ಪದರ ಹಾಸಿದರೆ ನೀರು ಹಿಡಿದಿಡುತ್ತದೆ. ಮೇಲೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ. ಉಪ್ಪು ಸುರಿಯುವ ಚಾಳಿ ಬಿಡಿ. ಅದು ಕರಾವಳಿಯ ಮುರಕಲ್ಲು ಮೆತ್ತಗಾಗಲೆಂದು ಮಾಡಿಕೊಂಡ ಉಪಾಯ, ನಮ್ಮ ಕೆಮ್ಮಣ್ಣಿಗೆ ಬೇಕಿಲ್ಲ. ಸಸಿಗೆ 9ರಿಂದ 12 ತಿಂಗಳಾಗಿರಲಿ, ಕನಿಷ್ಠ 6 ಗರಿ, ಕುತ್ತಿಗೆಯ (ಕಾಯಿಯಿಂದ ಸಸಿ ಮೇಲೇಳುವ ಜಾಗ) ಸುತ್ತಳತೆ 10 ಸೆಂ.ಮೀ. ಇರಲಿ. ಕಾಯಿ ಮುಚ್ಚುವಷ್ಟೇ ಮಣ್ಣು. ಕುತ್ತಿಗೆ ಹೂತುಹೋದರೆ, ಇಲ್ಲವೇ ಮಳೆನೀರು ಗುಂಡಿಯಲ್ಲೇ ನಿಂತರೆ, ಸಸಿ ಕೊಳೆಯುತ್ತದೆ. ತಿಪಟೂರಿನ ಎತ್ತರದ ತಳಿ ಫಲಕ್ಕೆ ಬರಲು 6–7 ವರ್ಷ, ಗಿಡ್ಡ ತಳಿಗೆ 3–4. ನಾಲ್ಕನೇ ವರ್ಷದಿಂದ ಪೂರ್ತಿ ಗೊಬ್ಬರ: ಯೂರಿಯಾ 1.1 ಕೆಜಿ, ಸೂಪರ್ ಫಾಸ್ಫೇಟ್ 2 ಕೆಜಿ, ಪೊಟ್ಯಾಷ್ 2 ಕೆಜಿ, ಬುಡದಿಂದ ಸುತ್ತಲೂ 6 ಅಡಿವರೆಗಿನ ಪಾತಿಯಲ್ಲಿ, ವರ್ಷಕ್ಕೆ ಎರಡು ಕಂತು. ಪೊಟ್ಯಾಷ್ ತಪ್ಪಿಸಿದರೆ ಹರಳು, ಅಂದರೆ ಪುಟ್ಟ ಎಳೆಕಾಯಿ, ಉದುರುತ್ತದೆ. ಆಗ ನಮ್ಮವರು ಮರಕ್ಕೆ ದೃಷ್ಟಿ ತೆಗೆಯುತ್ತಾರೆ.

ತಲೆಗೆ ಕಾಯಿ ಬೀಳುತ್ತದಂತೆ! ಬಾಲ್ಕನಿಯ ಹೂಕುಂಡವೂ ಬೀಳುತ್ತದೆ, ಹಾಗೆಂದು ಬಾಲ್ಕನಿ ಕೆಡವುತ್ತೀರಾ? ಇನ್ನೊಮ್ಮೆ ಹೇಳುತ್ತೇನೆ, ಬೇರು ದಪ್ಪವಾಗುವುದಿಲ್ಲ.

ವಿರೋಧ

ಬೇರಿನ ವಿಷಯದಲ್ಲಿ ತಕರಾರಿಲ್ಲ. ವಿರೋಧದ ಪಾಲು ನನಗೆ ಬಂತೆಂದು ಸುಳ್ಳು ಬರೆಯಲಾಗದು. ಆದರೆ ಪರ ಬರೆದವರು ನೆಲವನ್ನಷ್ಟೇ ನೋಡಿದ್ದಾರೆ, ಕತ್ತೆತ್ತಿಲ್ಲ.

ಹೊಂಬಾಳೆ ಹೆಚ್ಚುಕಮ್ಮಿ ತಿಂಗಳಿಗೊಂದು ಬರುತ್ತದೆ, ಕಾಯಿ ಬಲಿಯಲು 11–12 ತಿಂಗಳು. ಅಂದರೆ ಬೀಳುವ ವಯಸ್ಸಿನ ಗೊನೆಯೊಂದು ಮರದಲ್ಲಿ ಸದಾ ಇರುತ್ತದೆ. 45 ದಿನಕ್ಕೊಮ್ಮೆ ಕೀಳಿಸಿದರೆ ಭಯವಿಲ್ಲ, ಸರಿ. ಕೀಳುವವರೆಲ್ಲಿ? ಒಂದೇ ಮರಕ್ಕೆಂದು ಯಾರೂ ಸುಲಭಕ್ಕೆ ಬರುವುದಿಲ್ಲ. ಬಂದವರು ಹತ್ತಲು ಸಲೀಸೆಂದು ಕಾಂಡಕ್ಕೆ ಕಚ್ಚು ಹಾಕುತ್ತಾರೆ, ಹಸಿ ಗರಿಯನ್ನು ಬುಡಕ್ಕೇ ಕೊಚ್ಚುತ್ತಾರೆ. ಕೆಂಪುಮೂತಿ ಹುಳು ಮೊಟ್ಟೆಯಿಡುವುದು ಆ ಗಾಯದಲ್ಲೇ. ಹಸಿ ಗರಿ ಕಡಿಯಲೇಬೇಕಾದರೆ ಕಾಂಡದಿಂದ 4 ಅಡಿ ಬಿಟ್ಟು ಕಡಿಯಬೇಕು. ಮರಿಹುಳು ಒಳಗೆ ತಿರುಳು ತಿನ್ನುತ್ತಿದ್ದರೂ ಹೊರಗೆ ಕಾಣುವುದು ಸಣ್ಣ ತೂತು, ಅದರಿಂದಿಳಿವ ಕಂದು ರಸ, ಜಗಿದು ಉಗುಳಿದಂಥ ನಾರು. ಕಾಂಡಕ್ಕೆ ಕಿವಿಯಿಟ್ಟರೆ ಕರಕರ ಸದ್ದು. ಸುಳಿ ವಾಲಿದ ಮೇಲೆ ಮರ ಉಳಿಯುವುದಿಲ್ಲ.

ಜೊತೆಗೆ ಬಿಳಿನೊಣ. 2016ರಲ್ಲಿ ಭಾರತದಲ್ಲಿ ಕಾಣಿಸಿಕೊಂಡ ಸುರುಳಿ ಬಿಳಿನೊಣ ಗರಿಯಡಿ ಕೂತು ಅಂಟು ಸುರಿಸುತ್ತದೆ, ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಕೆಳಗೆ ನಿಂತ ಕಾರಿಗೂ, ಒಣಹಾಕಿದ ಬಟ್ಟೆಗೂ ಅದೇ ಗತಿ. ವಿಷ ಹೊಡೆದರೆ ಈ ನೊಣವನ್ನು ಹತೋಟಿಯಲ್ಲಿಡುವ ಪುಟ್ಟ ಕಣಜವೂ ಸಾಯುತ್ತದೆ. ನೀರನ್ನು ರಭಸವಾಗಿ ಹೊಡೆದು ತೊಳೆಯಬಹುದು, 60 ಅಡಿ ಎತ್ತರಕ್ಕೆ ನಿಮ್ಮ ಪೈಪು ಮುಟ್ಟಿದರೆ.

ಅವರು ಹೇಳಿದ 6 ಅಡಿ ಪಾತಿ ಈ ಸೈಟುಗಳಲ್ಲಿ ಪಾರ್ಕಿಂಗ್ ಟೈಲ್ಸಿನ ಕೆಳಗಿರುತ್ತದೆ.

ಇರುವ ಮರ ಕಡಿಯಿರಿ ಎಂದು ಮಾತ್ರ ನಾನು ಬರೆಯಲಾರೆ. ಹೊಸದಾಗಿ ನೆಡುವವರು ಗಿಡ್ಡ ತಳಿ ತಂದು ಕರೆಂಟ್ ತಂತಿಯಿಂದ ದೂರ ನೆಡಲಿ, 7 ತಿಂಗಳಿಗೇ ಎಳನೀರು ಇಳಿಸಲಿ.