ಕೊಂದವನು ಟೈಟಸ್

ಪತ್ತೇದಾರಿ ಕಾದಂಬರಿಯ 31ನೇ ಪುಟದ ಅಂಚಿನಲ್ಲಿ, ಹೆಣವಿನ್ನೂ ಬೀದಿಯಲ್ಲಿ ಬಿದ್ದಿರುವಾಗಲೇ, ‘ಕೊಂದವನು ಟೈಟಸ್’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟು ಹೋದ ಮಹಾನುಭಾವರಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಸೋಮವಾರ ರಾತ್ರಿಯಿಂದ ನಿಮ್ಮನ್ನು ನೆನೆಯದ ಗಳಿಗೆಯಿಲ್ಲ.

ಊಟ ಮುಗಿದು, ನಾಳೆಯ ದೋಸೆಗೆ ರುಬ್ಬಿದ್ದಾಗಿ, ಗೇಟಿಗೆ ಬೀಗ ಬಿದ್ದ ಮೇಲೆ ಸೊಳ್ಳೆಪರದೆಯೊಳಗೆ ಸಿಗುವ ಒಂದು ಗಂಟೆಗಾಗಿ ಇಡೀ ದಿನ ಜೀವ ಹಿಡಿದುಕೊಂಡಿರುವವನು ನಾನು. ಆ ಗಂಟೆಗೆಂದೇ ಗ್ರಂಥಾಲಯದ ಮೂಲೆಯ ಕಪಾಟಿನಿಂದ ಈ ಪುಸ್ತಕವನ್ನು ಧೂಳು ಕೊಡವಿ ತಂದಿದ್ದೆ. ಕಥೆ ನಿಜವಾದ ಮೊಕದ್ದಮೆಯದು. ಕ್ರಿ.ಪೂ. 81ರಲ್ಲಿ ಅಮೇರಿಯಾ ಎಂಬ ಊರಿನ (ಅಮೆರಿಕ ಅಲ್ಲ, ಕನ್ನಡಕ ಸರಿಮಾಡಿಕೊಳ್ಳಿ) ಒಬ್ಬ ಜಮೀನ್ದಾರ ರೋಮಿನಲ್ಲಿ ರಾತ್ರಿಯೂಟ ಮುಗಿಸಿ ಬರುತ್ತಿದ್ದಾಗ ಕೊಲೆಯಾಗುತ್ತಾನೆ. ಅವನ 13 ತೋಟಗಳು, 60 ಲಕ್ಷ ಸೆಸ್ಟರ್ಸ್ ನಾಣ್ಯಗಳ ಆಸ್ತಿ, ಸರ್ವಾಧಿಕಾರಿ ಸುಲ್ಲಾನ ಆಪ್ತ ಕ್ರಿಸೊಗೊನಸ್‌ಗೆ ಹರಾಜಿನಲ್ಲಿ ಬರೀ 2000ಕ್ಕೆ ದಕ್ಕುತ್ತದೆ. ಕೊಲೆಯ ಆರೋಪ ಮಾತ್ರ ಸತ್ತವನ ಮಗನ ತಲೆಗೆ. ಅವನ ಪರವಾಗಿ ವಾದಿಸಲು ನಿಲ್ಲುವವನು 26ರ ಹುಡುಗ, ಸಿಸೆರೊ.

“ಯಾರು ಸತ್ತದ್ದು?” ಎಂದು ಹೆಂಡತಿ ಮಗ್ಗುಲು ಬದಲಿಸುತ್ತಾ ಕೇಳಿದಳು.

“ಸೆಕ್ಸ್ಟಸ್ ರೋಸ್ಕಿಯಸ್.”

“ಹಿಡಿದದ್ದು ಯಾರನ್ನು?”

“ಸೆಕ್ಸ್ಟಸ್ ರೋಸ್ಕಿಯಸ್‌ನನ್ನು.”

“ಆತ್ಮಹತ್ಯೆ. ದೀಪ ಆರಿಸಿ.”

ತಪ್ಪು ಅವಳದಲ್ಲ. ಅಪ್ಪನಿಗೂ ಮಗನಿಗೂ ಒಂದೇ ಹೆಸರು. ಲೋಕವನ್ನೇ ಗೆದ್ದ ರೋಮನ್ನರಿಗೆ ಹೆಸರಿನ ವಿಷಯದಲ್ಲಿ ಮಾತ್ರ ಕಡು ಬಡತನ. ಗಂಡುಮಕ್ಕಳಿಗೆ ಬಳಕೆಯಲ್ಲಿದ್ದ ಮೊದಲ ಹೆಸರುಗಳು ಒಂದು ಕೈಚೀಲಕ್ಕೂ ತುಂಬುವುದಿಲ್ಲ. ಹೆಣ್ಣುಮಕ್ಕಳಿಗೆ ಅಷ್ಟೂ ಇಲ್ಲ, ಮನೆತನದ ಹೆಸರನ್ನೇ ಎಲ್ಲರಿಗೂ ಹಂಚುವುದು. ಮಾರ್ಕ್ ಆಂಟನಿಗೆ ಆಕ್ಟೇವಿಯಾಳಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಇಬ್ಬರು, ಇಬ್ಬರೂ ಆಂಟೋನಿಯಾ. ಊಟಕ್ಕೆ ಕರೆದರೆ ಇಬ್ಬರೂ ಬರುತ್ತಾರೆ, ಕೆಲಸಕ್ಕೆ ಕರೆದರೆ ಒಬ್ಬಳೂ ಬರುವುದಿಲ್ಲ.

ನಗುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ನನ್ನದೂ ಅಜ್ಜನ ಹೆಸರೇ. ಗಂಡನ ಹೆಸರು ಹಿಡಿಯಬಾರದೆಂದು ಅಜ್ಜಿ ನನ್ನನ್ನು ಬೈಯುವಾಗಲೂ ‘ಏ ಪುಟ್ಟ’ ಎಂದೇ ಬೈಯುತ್ತಿದ್ದರು. ಅಜ್ಜ ಹೋಗಿ ಎಷ್ಟೋ ವರ್ಷಗಳಾದ ಮೇಲೆ, ಮರೆವು ಕವಿದಿದ್ದ ದಿನಗಳಲ್ಲಿ, ಒಂದು ಸಂಜೆ ಸ್ಪಷ್ಟವಾಗಿ ನನ್ನ ಹೆಸರು ಹಿಡಿದು ಕೂಗಿದರು. ಓಡಿಹೋದೆ. ಕರೆದದ್ದು ನನ್ನನ್ನಲ್ಲ.

ಇರಲಿ. ಪೆನ್ಸಿಲಿನವರ ವಿಷಯಕ್ಕೆ ಬರೋಣ. ಅವರು 31ನೇ ಪುಟಕ್ಕೆ ತೃಪ್ತಿಪಟ್ಟವರಲ್ಲ. ಒಬ್ಬ ಗುಲಾಮ ಬಾಯಿ ತೆರೆದರೆ ಪಕ್ಕದಲ್ಲಿ ‘ಸುಳ್ಳು’. ಒಬ್ಬಳು ಅತ್ತರೆ ‘ನಾಟಕ’. ಇಟ್ಟಿಗೆ ಬಣ್ಣದ ಒಂದು ಕಲೆಯ ಪಕ್ಕದಲ್ಲಿ ‘ಸಾಂಬಾರು, ಕ್ಷಮಿಸಿ’. ಸಿಸೆರೊ ಕಾಣಿಸಿಕೊಂಡ ಕೂಡಲೇ ‘ಇವನು ಗೆಲ್ಲುತ್ತಾನೆ’. ಅದೊಂದನ್ನು ಮನ್ನಿಸಿದೆ, 2100 ವರ್ಷ ಹಳೆಯ ಸುದ್ದಿಯನ್ನು ಯಾರಾದರೂ ಹೇಳಿಬಿಟ್ಟರೆ ಸಿಟ್ಟಾಗುವುದು ಚೆನ್ನಲ್ಲ. ಆದರೆ ಟೈಟಸ್? ಅಪ್ಪನನ್ನು ಕೊಂದವನನ್ನು ರೋಮಿನಲ್ಲಿ ಚೀಲದೊಳಗೆ ಹಾಕಿ ಹೊಲಿದು ನೀರಿಗೆ ಎಸೆಯುತ್ತಿದ್ದರು. ಮುಂದಿನ ಕಾಲದ ಕಾನೂನು ಜೊತೆಗಿರಲೆಂದು ನಾಯಿ, ಹುಂಜ, ಹಾವು, ಕೋತಿಗಳನ್ನೂ ಸೇರಿಸಿತು. ಪುಟದಂಚಿನಲ್ಲಿ ಕೊಲೆಗಾರನ ಹೆಸರು ಬರೆಯುವವರಿಗೆ ನಾಲ್ಕೂ ಬೇಡ, ಕೋತಿಯೊಂದು ಸಾಕು.

ಎರಡು ರಾತ್ರಿ ಹಲ್ಲು ಕಚ್ಚಿಕೊಂಡು ಓದಿದೆ. ಸತ್ತವನ ಬಂಧು ಟೈಟಸ್ ರೋಸ್ಕಿಯಸ್ ಮ್ಯಾಗ್ನಸ್ ಬಾಗಿಲು ತೆರೆದರೂ ಕೊಲೆಗಾರ, ಮೂಗು ಒರೆಸಿಕೊಂಡರೂ ಕೊಲೆಗಾರ. ಕುತೂಹಲವೆಂಬುದು ಉಪ್ಪಿಲ್ಲದ ಸಾರಿನಂತಾಗಿತ್ತು. ನಿನ್ನೆ ರಾತ್ರಿ, ಹತ್ತೂಮುಕ್ಕಾಲರ ಹೊತ್ತಿಗೆ, ಕಥೆಯೊಳಗೆ ಇನ್ನೊಬ್ಬ ಬಂಧು ಹೆಜ್ಜೆಯಿಟ್ಟ. ಹೆಸರು ಟೈಟಸ್ ರೋಸ್ಕಿಯಸ್ ಕ್ಯಾಪಿಟೊ.

ಎದ್ದು ಕುಳಿತೆ. ಟೈಟಸ್‌ಗಳು ಇಬ್ಬರು! ರೋಮನ್ನರೇ, ನಿಮ್ಮ ಬಡತನ ಚಿರಾಯುವಾಗಲಿ.

ಉತ್ಸಾಹದಲ್ಲಿ ಮಗಳ ಪೆಟ್ಟಿಗೆಯಿಂದ ರಬ್ಬರ್ ತಂದು 31ನೇ ಪುಟ ತೆರೆದೆ. ಆಗಲೇ ಆ ಅಕ್ಷರವನ್ನು ಸರಿಯಾಗಿ ನೋಡಿದ್ದು. ಕಾಪಿ ತಿದ್ದಿದ ಕಾಲದ ಗುಂಡು ಅಕ್ಷರ, ಟಕಾರದ ಸುತ್ತಿನಲ್ಲಿ ಸಣ್ಣ ನಡುಕ. ಪುಸ್ತಕದ ಹಿಂಬದಿಗೆ ಅಂಟಿಸಿದ ಗ್ರಂಥಾಲಯದ ಚೀಟಿಯಲ್ಲಿ ಕೊನೆಯ ಮೊಹರು 2014ರದು, ಅದಕ್ಕೆ ಮೊದಲಿನ ಮೂರೂ ಹದಿನೈದು ದಿನಗಳ ಅಂತರದವು. ಒಬ್ಬರೇ ಮತ್ತೆ ಮತ್ತೆ ಅವಧಿ ವಿಸ್ತರಿಸಿಕೊಂಡು ಓದಿರಬೇಕು. ಬರೆದದ್ದು ನನಗಲ್ಲವೇನೋ. ನಾಳೆ ತೆರೆದಾಗ ಯಾರು ಯಾರೆಂದು ನೆನಪಿರಲಿ ಎಂದು ತಮಗೆ ತಾವೇ ಬರೆದುಕೊಂಡದ್ದೇನೋ.

ರಬ್ಬರ್ ಕೆಳಗಿಟ್ಟೆ. ಪೆನ್ಸಿಲ್ ಚೂಪು ಮಾಡಿ ಅದರ ಕೆಳಗೇ ಬರೆದೆ: ‘ಯಾವ ಟೈಟಸ್, ಸ್ವಾಮಿ?’