ಮಕೆರೆಟಿಯನ್ನು ಬಿಟ್ಟರೆ ಹೇಗೆ?

ಹಳೇ ಪೋಸ್ಟ್‌ಕಾರ್ಡ್‌ಗಳಲ್ಲಿರುವ ಮಾವೋರಿ (ನ್ಯೂಜಿಲೆಂಡ್‌ನ ಮೂಲನಿವಾಸಿ) ಹೆಂಗಸರು ಫೋಟೋಗ್ರಾಫರ್ ಕೈಗೊಂಬೆಗಳು ಅಷ್ಟೇ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಮಾತ್ರ ಒಪ್ಪುತ್ತೇನೆ. ಸ್ಟುಡಿಯೋದವರೇ ಹೊದಿಸಿದ ಹೊದಿಕೆ, ಹೆಸರಿನ ಜಾಗದಲ್ಲಿ ಬರೀ ‘ಮಾವೋರಿ ಸುಂದರಿ’ ಅನ್ನೋ ಅಡಿಬರಹ, ಇದೆಲ್ಲ ನಿಜ. ಇವತ್ತಿಗೂ ಪ್ರವಾಸಿ ಅಂಗಡಿಗಳಲ್ಲಿ ಅದೇ ಮುಖಗಳು ಮಾರಾಟಕ್ಕಿವೆ!

ಆದರೆ ನ್ಯೂಜಿಲೆಂಡ್‌ನ ರೊಟೊರುವಾ ಊರಿನಲ್ಲಿ ಪ್ರವಾಸಿಗರಿಗೆ ಗೈಡ್ ಆಗಿದ್ದ ಮಕೆರೆಟಿ, ಅಂದರೆ ಮ್ಯಾಗಿ ಪಾಪಕುರಾ, ಕ್ಯಾಮೆರಾ ಮುಂದೆ ಸುಮ್ನೆ ನಿಂತವರಲ್ಲ. ತಮ್ಮ ಚಿತ್ರದ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಓದಿ ತಮ್ಮ ಜನರ ಬದುಕಿನ ಬಗ್ಗೆ ತಾವೇ ಬರೆದರು. ಪುಸ್ತಕ ಅಚ್ಚಾಗಿದ್ದು 1938ರಲ್ಲಿ, ಅವರು ತೀರಿಕೊಂಡ ಮೇಲೆ.

ಇನ್ನೊಂದು ವಿಷಯ. ಹೊರಗಿನವರಿಗೆ ಅದು ಹಳೇ ಪೋಸ್ಟ್‌ಕಾರ್ಡ್, ಮನೆಯವರಿಗೆ ಅಜ್ಜಿ. ನ್ಯೂಜಿಲೆಂಡ್‌ನ ವಾಂಗನುಯಿಯಲ್ಲಿ ಫೋಟೋಗ್ರಾಫರ್ ಪಾರ್ಟಿಂಗ್ಟನ್ ಹಿಂದೆ ತೆಗೆದಿದ್ದ ಮಾವೋರಿ ಜನರ ಫೋಟೋಗಳ ಹರಾಜನ್ನು 2001ರಲ್ಲಿ ಆ ಜನರ ವಂಶಸ್ಥರು ನಿಲ್ಲಿಸಿದ್ದು ಅದಕ್ಕೇ ಅಲ್ವಾ?