ಹಿಮ ಸಾಕಷ್ಟು ಬೀಳುವ ಮೊದಲೇ ಸ್ಕೀ ತಾಣ ತೆರೆಯಬೇಕೆ?

ಪರ: ಒಂದೇ ಪಟ್ಟಿಯಾದರೂ ಸರಿ, ತೆರೆಯಲಿ

ನವೆಂಬರಿನ ಸ್ಕೀ ಬೆಟ್ಟ ನೋಡಲು ಚೆನ್ನಾಗಿರುವುದಿಲ್ಲ. ಕಂದು ಹುಲ್ಲು, ಬೋಳು ಬಂಡೆ, ಅವುಗಳ ನಡುವೆ ತುದಿಯಿಂದ ಬುಡದವರೆಗೆ ಯಂತ್ರದಿಂದ ತಯಾರಿಸಿದ ಹಿಮದ ಒಂದೇ ಒಂದು ಬಿಳಿ ಪಟ್ಟಿ. ಅದರ ಮೇಲೆ ನೂರಾರು ಜನ. ಆ ಚಿತ್ರ ತೋರಿಸಿ ‘ಇದೂ ಒಂದು ಸ್ಕೀಯಿಂಗೇ?’ ಎಂದು ಕೇಳುವವರು ಪ್ರತಿ ವರ್ಷ ಸಿಗುತ್ತಾರೆ. ಹೌದು, ಇದೂ ಸ್ಕೀಯಿಂಗೇ. ಆ ಪಟ್ಟಿ ಹಾಸಲು ಎಷ್ಟು ರಾತ್ರಿಗಳ ದುಡಿಮೆ ಬೇಕಾಯಿತು ಎಂಬುದನ್ನು ಹತ್ತಿರದಿಂದ ಕಂಡವಳು ನಾನು.

ಹಿಮ ತಯಾರಿಸುವುದು ಗುಂಡಿ ಒತ್ತಿ ಮಲಗುವ ಕೆಲಸವಲ್ಲ. ನೀರನ್ನು ಒತ್ತಡದ ಗಾಳಿಯೊಂದಿಗೆ ಸಣ್ಣ ಸಣ್ಣ ಹನಿಗಳಾಗಿ ಚಿಮ್ಮಿಸಬೇಕು, ಆ ಹನಿ ನೆಲ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟಬೇಕು. ಅದಕ್ಕೆ ಚಳಿಯೊಂದೇ ಸಾಲದು, ಗಾಳಿ ಒಣಗಿರಬೇಕು. ಆದ್ದರಿಂದ ಯಂತ್ರ ನಡೆಸುವವರು ಮಾಮೂಲಿ ಉಷ್ಣಮಾಪಕವನ್ನು ನಂಬುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಎಷ್ಟು ತೋರಿಸುತ್ತದೆ ಎಂಬುದೇ ಅವರ ಲೆಕ್ಕ. ಆ ಅಂಕಿ ಸುಮಾರು ಮೈನಸ್ 2 ಡಿಗ್ರಿಗೆ ಇಳಿಯಬೇಕು. ಗಾಳಿ ತೀರಾ ಒಣಗಿದ್ದರೆ ಹೊರಗೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಹಿಮವಾಗುತ್ತದೆ; ತೇವವಿದ್ದರೆ ಮೈನಸ್ 1ರಲ್ಲೂ ನೀರು ಸುರಿದು ಇಳಿಜಾರೆಲ್ಲ ಕೆಸರಾಗುತ್ತದೆ. ನವೆಂಬರಿನಲ್ಲಿ ಅಂಥ ಹೊತ್ತು ಸಿಗುವುದು ಹೆಚ್ಚಾಗಿ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ. ಹಣೆಗೆ ದೀಪ ಕಟ್ಟಿಕೊಂಡು, ಹೆಪ್ಪುಗಟ್ಟಿದ ಕೊಳವೆಗಳನ್ನು ಬಡಿದು ಬಿಡಿಸುತ್ತಾ, ಗಳಿಗೆಗೊಮ್ಮೆ ತೋಳು ಚಾಚಿ ಅಂಗಿಯ ಮೇಲೆ ಬಿದ್ದ ಹಿಮ ಒಣಗಿದೆಯೋ ಒದ್ದೆಯೋ ಎಂದು ನೋಡುತ್ತಾ ಅವರು ಬೆಟ್ಟ ಹತ್ತಿ ಇಳಿಯುತ್ತಾರೆ.

ಈ ವಿದ್ಯೆ ಹುಟ್ಟಿದ್ದೂ ಹೊಟ್ಟೆಪಾಡಿನಿಂದಲೇ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ವೇಯ್ನ್ ಪಿಯರ್ಸ್, ಆರ್ಟ್ ಹಂಟ್, ಡೇವ್ ರಿಚಿ ಎಂಬ ಮೂವರು ಸ್ಕೀ ತಯಾರಿಸುತ್ತಿದ್ದರು. 1949–50ರ ಚಳಿಗಾಲದಲ್ಲಿ ಹಿಮ ಬೀಳಲಿಲ್ಲ, ವ್ಯಾಪಾರ ಸೊರಗಿತು. 1950ರಲ್ಲಿ ಅವರು ಬಣ್ಣ ಹೊಡೆಯುವ ಕಂಪ್ರೆಸರ್, ಒಂದು ನಳಿಕೆ, ತೋಟಕ್ಕೆ ನೀರು ಬಿಡುವ ಪೈಪು ಜೋಡಿಸಿ ಹಿಮ ಮಾಡಿ ತೋರಿಸಿದರು. ಮುಂದೆ ವರ್ಮಾಂಟ್‌ನ ಕಿಲಿಂಗ್ಟನ್‌ನಲ್ಲಿ ನವೆಂಬರ್ ಕೊನೆಯ ಮಹಿಳಾ ವಿಶ್ವಕಪ್ ಸ್ಪರ್ಧೆಗೆ ಹತ್ತಾರು ಸಾವಿರ ಜನ ಸೇರಿದ್ದರೆ, ಅದರ ಹಿಂದೆ ಆ ಪೈಪಿನ ಬುದ್ಧಿವಂತಿಕೆಯಿದೆ. ಅಲ್ಲಿ ಮೊದಲ ಸ್ಪರ್ಧೆ ನಡೆದದ್ದು 2016ರಲ್ಲಿ.

ಆದರೆ ನನ್ನ ವಾದ ಸ್ಪರ್ಧೆಗಳದ್ದಲ್ಲ.

ವಿದ್ಯಾರ್ಥಿನಿಯಾಗಿದ್ದಾಗ ರಾಕಿ ಪರ್ವತದ ಒಂದು ಸ್ಕೀ ತಾಣದ ಬಾಡಿಗೆ ಮಳಿಗೆಯಲ್ಲಿ ಎರಡು ಚಳಿಗಾಲ ಕೆಲಸ ಮಾಡಿದೆ. ಬಂದವರ ಎತ್ತರ, ತೂಕ, ವಯಸ್ಸು, ಬೂಟಿನ ತಳದ ಉದ್ದ ಕೇಳಿ, ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳುವಂತೆ, ಅವೆರಡನ್ನೂ ಹಿಡಿದಿಡುವ ಬೈಂಡಿಂಗನ್ನು ಹದವಾಗಿ ಬಿಗಿ ಮಾಡಿಕೊಡುವುದು ನನ್ನ ಕೆಲಸ. ಮೊದಲ ವರ್ಷ ನವೆಂಬರ್ ಕೊನೆಯ ವಾರ ತೆರೆಯುತ್ತೇವೆ ಎಂದಿದ್ದರು. ರಾತ್ರಿಗಳು ತಣ್ಣಗಿದ್ದವು, ಕೊಳದಲ್ಲಿ ನೀರಿತ್ತು. ಆದರೂ ಆಡಳಿತದವರು ವಿದ್ಯುತ್ ಖರ್ಚಿಗೆ ಹೆದರಿ, ನಿಜವಾದ ಹಿಮ ಬರಲಿ ಎಂದು ಕಾದರು. ಒಂದು ವಾರ ಮುಂದಕ್ಕೆ ಹೋಯಿತು, ಆಮೇಲೆ ಇನ್ನೊಂದು. ಬೆಟ್ಟ ತೆರೆದದ್ದು ಡಿಸೆಂಬರ್ ಮಧ್ಯದಲ್ಲಿ.

ಆ ಮೂರು ವಾರ ನನ್ನ ಕೋಣೆಯಲ್ಲಿ ನಾವು ಐದು ಜನ ಇದ್ದೆವು. ಇಬ್ಬರು ಪೆರುವಿನಿಂದ ಬಂದ ಹುಡುಗಿಯರು; ಅಲ್ಲಿ ಅದು ಬೇಸಿಗೆ ರಜೆಯ ಕಾಲ. ವಿಮಾನದ ಟಿಕೆಟಿಗೆ ಸಾಲ ಮಾಡಿದ್ದರು, ಕೋಣೆಯ ಬಾಡಿಗೆಯನ್ನು ಮುಂಗಡ ಕಟ್ಟಿದ್ದರು. ನಮಗೆಲ್ಲ ಗಂಟೆಯ ಲೆಕ್ಕದ ಕೂಲಿ. ಬೆಟ್ಟ ತೆರೆಯದಿದ್ದರೆ ಗಂಟೆಯೂ ಇಲ್ಲ, ಕೂಲಿಯೂ ಇಲ್ಲ. ಅವರಲ್ಲಿ ಚಿಕ್ಕವಳು ದಿನಾ ಬೆಳಿಗ್ಗೆ ಏಳುತ್ತಿದ್ದಂತೆ ಕಿಟಕಿಯ ಪರದೆ ಸರಿಸಿ ಬೆಟ್ಟ ನೋಡುತ್ತಿದ್ದಳು, ಏನೂ ಹೇಳದೆ ಮತ್ತೆ ಮಲಗುತ್ತಿದ್ದಳು. ಎರಡನೆಯ ವಾರದಿಂದ ನಾವು ಮಧ್ಯಾಹ್ನದ ಊಟ ಬಿಟ್ಟೆವು. ಮೂರನೆಯ ವಾರ ಅವಳು ಊರಿನ ಮನೆಗಳಲ್ಲಿ ಕಸ ಗುಡಿಸುವ ಕೆಲಸ ಹುಡುಕಿದಳು. ಅವಳ ವೀಸಾಕ್ಕೆ ಅದು ಹೊಂದುವುದಿಲ್ಲವೆಂದು ಬಿಡಬೇಕಾಯಿತು. ತಾಯಿಗೆ ಫೋನ್ ಮಾಡಿ ‘ಕೆಲಸ ಚೆನ್ನಾಗಿದೆ’ ಎನ್ನುತ್ತಿದ್ದಳು. ನನಗೆ ಆ ಭಾಷೆ ಬಾರದಿದ್ದರೂ ಅದು ಸುಳ್ಳೆಂದು ತಿಳಿಯುತ್ತಿತ್ತು.

ಮರುವರ್ಷ ಆಡಳಿತ ಬದಲಾಗಿತ್ತು. ಅಕ್ಟೋಬರ್ ಕೊನೆಯಿಂದಲೇ ಯಂತ್ರಗಳು ಗರ್ಜಿಸತೊಡಗಿದವು. ನಾವು ನಿದ್ದೆಗೆಟ್ಟರೂ ಯಾರೂ ಗೊಣಗಲಿಲ್ಲ. ಹೇಳಿದ ದಿನಕ್ಕೆ ಒಂದೇ ಪಟ್ಟಿ ತೆರೆಯಿತು, ಬೆಳಿಗ್ಗೆ ಆರಕ್ಕೇ ಮಳಿಗೆಯ ಮುಂದೆ ಜನ ನಿಂತಿದ್ದರು. ಅಂದು ನಾನು ಎಷ್ಟು ಜೊತೆ ಬೂಟು ಕೊಟ್ಟೆನೋ ಲೆಕ್ಕವಿಲ್ಲ.

ಪೂರ್ಣ ಹಿಮ ಬರಲಿ ಎನ್ನುವವರ ಮಾತು ಹಬ್ಬದ ದಿನ ಮಾತ್ರ ಒಲೆ ಹಚ್ಚಿ ಎಂದಂತಿದೆ. ನೀರು ಪೋಲಾಗುತ್ತದೆ ಎನ್ನುತ್ತಾರೆ. ಹಿಮವಾದ ನೀರು ವಸಂತದಲ್ಲಿ ಕರಗಿ ಅದೇ ಕಣಿವೆಗೆ ಹರಿಯುತ್ತದೆ. ಕಿರಿದಾದ ಪಟ್ಟಿ ಅಪಾಯ ಎನ್ನುತ್ತಾರೆ. ಅವರ ಮಾತು ಕೇಳಿದರೆ ಬೆಟ್ಟಕ್ಕೆ ಯಾರೂ ಯಾವ ತಿಂಗಳಲ್ಲೂ ಕಾಲಿಡುವಂತಿಲ್ಲ. ಹೊಸ ಹಿಮ ಒಂದು ಘನ ಮೀಟರಿಗೆ ಸುಮಾರು 100 ಕಿಲೊ ತೂಗಿದರೆ ಯಂತ್ರದ ಹಿಮ 400 ಕಿಲೊ ದಾಟುತ್ತದೆ. ನವೆಂಬರಿನಲ್ಲಿ ಹಾಸಿದ ಆ ಗಟ್ಟಿ ತಳವೇ ಏಪ್ರಿಲಿನವರೆಗೆ ಬೆಟ್ಟವನ್ನು ಕಾಯುತ್ತದೆ. ಅಷ್ಟು ಗಟ್ಟಿಯಾದದ್ದನ್ನು ಹಾಸಿಟ್ಟು, ಮೇಲೆ ಯಾರನ್ನೂ ಬಿಡದೆ ಹಗ್ಗ ಕಟ್ಟುವುದರಲ್ಲಿ ಏನು ನ್ಯಾಯವಿದೆ?

ಪೆರುವಿನ ಹುಡುಗಿ ಎರಡನೆಯ ವರ್ಷ ಬರಲಿಲ್ಲ.

ವಿರೋಧ: ದಿನಾಂಕವನ್ನು ಹವೆ ತೀರ್ಮಾನಿಸಲಿ

ವಿರೋಧದ ಪಕ್ಷ ಬರೆಯಿರಿ ಎಂದು ನನ್ನನ್ನು ಕೇಳಿದಾಗ ಹಿಂಜರಿದೆ. ಮೊದಲ ದಿನದ ಸಾಲಿನಲ್ಲಿ ನಾನೂ ಎಷ್ಟೋ ಸಲ ನಿಂತಿದ್ದೇನೆ. ಕೊಲರಾಡೊದಲ್ಲಿ ಲವ್‌ಲ್ಯಾಂಡ್ ಮತ್ತು ಅರಪಾಹೊ ಬೇಸಿನ್ ನಡುವೆ ಅಕ್ಟೋಬರಿನಲ್ಲೇ ‘ಯಾರು ಮೊದಲು’ ಎಂಬ ಪೈಪೋಟಿ ನಡೆಯುವಾಗ ನಾನೂ ಬೆಳಗ್ಗೆ ಬೆಳಗ್ಗೆ ಸುದ್ದಿ ನೋಡುತ್ತೇನೆ. ಆದ್ದರಿಂದ ಸ್ಕೀ ತಾಣಗಳು ಬೇಗ ತೆರೆಯಲೇಬಾರದು ಎಂದು ನಾನು ವಾದಿಸಲಾರೆ. ಅರಪಾಹೊ ಬೇಸಿನ್‌ನ ಬುಡವೇ 10,780 ಅಡಿ ಎತ್ತರದಲ್ಲಿದೆ. ಅಲ್ಲಿ ಅಕ್ಟೋಬರ್ ಎಂದರೆ ಚಳಿಗಾಲವೇ. ನನ್ನ ತಕರಾರು ಇರುವುದು ಬೇಸಿಗೆಯಲ್ಲೇ ದಿನಾಂಕ ಅಚ್ಚು ಹಾಕಿಸಿ, ಆಮೇಲೆ ಹವೆಯನ್ನು ಅದಕ್ಕೆ ಬಗ್ಗಿಸಲು ಹೋಗುವುದರ ಬಗ್ಗೆ.

ನೀರಿನ ಲೆಕ್ಕ ಮೊದಲು. ಒಂದು ಹೆಕ್ಟೇರ್ ಇಳಿಜಾರಿಗೆ 30 ಸೆಂಟಿಮೀಟರ್ ದಪ್ಪ ಹಿಮ ಹಾಸಲು ಕನಿಷ್ಠ 10 ಲಕ್ಷ ಲೀಟರ್ ನೀರು ಬೇಕು. ವಸಂತದಲ್ಲಿ ಅದು ಮರಳಿ ಹರಿಯುತ್ತದೆ ಎಂಬುದು ಬಹುಮಟ್ಟಿಗೆ ನಿಜ, ಒಂದಷ್ಟು ಆವಿಯಾಗಿ ಹೋದರೂ. ಆದರೆ ಬೆಟ್ಟದ ತೊರೆಗಳು ಬಡಕಲಾಗಿರುವುದು ಶರತ್ಕಾಲದ ಕೊನೆಯಲ್ಲಿ, ನೀರೆತ್ತುವುದೂ ಆಗಲೇ. ಮೇ ತಿಂಗಳಲ್ಲಿ ಮರಳಿ ಬರುವ ನೀರು ನವೆಂಬರಿನ ಮೀನಿಗೆ ಉಪಯೋಗಕ್ಕೆ ಬರುವುದಿಲ್ಲ. ಬೆಚ್ಚಗಿನ ವಾರ ಬಂದರೆ ಹಾಸಿದ್ದು ಕರಗುತ್ತದೆ, ದಿನಾಂಕ ಹತ್ತಿರವಾಗಿರುವುದರಿಂದ ಮತ್ತೆ ಹಾಸುತ್ತಾರೆ. ಒಂದೇ ಪಟ್ಟಿಯನ್ನು ಎರಡು ಸಲ, ಮೂರು ಸಲ.

ನನಗೆ ಹೆಚ್ಚು ಆತಂಕ ತರುವುದು ಪಟ್ಟಿಯ ಆಚೆಗಿನ ಹಿಮ. ಋತುವಿನ ಆರಂಭದಲ್ಲಿ ತೆಳುವಾಗಿ ಬಿದ್ದ ಹಿಮದ ಸ್ವಭಾವವೇ ಬೇರೆ. ನೆಲ ಇನ್ನೂ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮೇಲೆ ರಾತ್ರಿಯ ಗಾಳಿ ಕಡುಚಳಿಯದು, ನಡುವೆ ಇರುವುದು ಒಂದಡಿ ಹಿಮ ಮಾತ್ರ. ಈ ಅಂತರದಿಂದಾಗಿ ಕೆಳಗಿನ ಆವಿ ಮೇಲೇರುತ್ತಾ, ಹಿಮದ ಕಣಗಳು ಸಕ್ಕರೆಯಂತೆ ಬಿಡಿಬಿಡಿಯಾಗುತ್ತವೆ. ಮುಷ್ಟಿಯಲ್ಲಿ ಹಿಚುಕಿದರೂ ಉಂಡೆಯಾಗುವುದಿಲ್ಲ, ಬೆರಳ ಸಂದಿಯಿಂದ ಸುರಿದುಹೋಗುತ್ತವೆ. ಡಿಸೆಂಬರಿನ ದಪ್ಪ ಹಿಮ ಇದರ ಮೇಲೆ ಕೂತಾಗ ಇಡೀ ಪದರ ಚಪ್ಪಡಿಯಂತೆ ಜಾರುತ್ತದೆ, ಅದೇ ಹಿಮಕುಸಿತ. ಕೊಲರಾಡೊದ ಆಸ್ಪೆನ್ ಹೈಲ್ಯಾಂಡ್ಸ್ ತಾಣದ ಹೈಲ್ಯಾಂಡ್ ಬೌಲ್ ಎಂಬ ಕಡಿದಾದ ಇಳಿಜಾರಿನಲ್ಲಿ ಪ್ರತಿ ವರ್ಷ ಋತುವಿನ ಆರಂಭಕ್ಕೆ ಜನ ಸಾಲುಗಟ್ಟಿ ನಿಂತು, ಈ ಸಕ್ಕರೆ ಪದರವನ್ನು ಬೂಟುಗಾಲಿನಿಂದ ತುಳಿದು ತುಳಿದು ಗಟ್ಟಿ ಮಾಡುತ್ತಾರೆ. ಅಷ್ಟು ಮಾಡಿದ ಮೇಲೆಯೇ ಅಲ್ಲಿ ಸ್ಕೀಗೆ ಬಿಡುವುದು. ನವೆಂಬರಿನ ಇಕ್ಕಟ್ಟಾದ ಪಟ್ಟಿಯಲ್ಲಿ ನಾಲ್ಕು ಸಲ ಇಳಿದು ಬೇಸತ್ತವನಿಗೆ ಪಕ್ಕದ ಹಗ್ಗದಾಚೆ ಬೆಳ್ಳಗೆ ಹೊಳೆಯುವ ಇಳಿಜಾರು ಕಾಣುತ್ತದೆ. ಲಿಫ್ಟ್ ಅವನನ್ನು ತುದಿಗೆ ಏರಿಸಿ ಬಿಟ್ಟಿದೆ. ಹಗ್ಗ ದಾಟಿದ ಗೆಳೆಯನೊಬ್ಬನನ್ನು ನಾನು ಕೂಗಿ ಕರೆದೆ, ಅವನು ಕೈ ಬೀಸಿ ಹೋದ. ಕುಸಿತಕ್ಕೆ ಸಿಗಲಿಲ್ಲ, ಮುಚ್ಚಿದ್ದ ಬಂಡೆಗೆ ಸ್ಕೀ ತಗುಲಿ ಮೊಣಕಾಲಿನ ಸ್ನಾಯು ಹರಿಯಿತು. ಅವನ ಚಳಿಗಾಲ ನವೆಂಬರಿನಲ್ಲೇ ಮುಗಿಯಿತು.

ದಿನಾಂಕದ ಹಟ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಸ್ವಿಟ್ಜರ್ಲೆಂಡಿನ ತ್ಸೆರ್ಮಾಟ್ ಮತ್ತು ಇಟಲಿಯ ಚೆರ್ವಿನಿಯಾ ಜೊತೆಯಾಗಿ ನಡೆಸಹೊರಟ ವಿಶ್ವಕಪ್ ಡೌನ್‌ಹಿಲ್ ಸ್ಪರ್ಧೆ ಸಾಕ್ಷಿ. 2022ರಲ್ಲಿ ಹಿಮ ಸಾಲದೆ ನಾಲ್ಕೂ ಸ್ಪರ್ಧೆಗಳು ರದ್ದಾದವು. 2023ರಲ್ಲಿ ಸ್ಪರ್ಧೆಯ ದಾರಿ ಮಾಡಲು ಥಿಯೋಡುಲ್ ಹಿಮನದಿಯನ್ನು ಯಂತ್ರಗಳಿಂದ ಅಗೆದ ಚಿತ್ರಗಳು ಹೊರಬಂದು ದೊಡ್ಡ ಗದ್ದಲವಾಯಿತು. ಆ ವರ್ಷ ಗಾಳಿ ಮತ್ತು ಮಿತಿಮೀರಿದ ಹಿಮದಿಂದ ಮತ್ತೆ ನಾಲ್ಕೂ ರದ್ದಾದವು. ಒಂದೇ ಒಂದು ಸ್ಪರ್ಧೆಯೂ ನಡೆಯದೆ ಅದು ವೇಳಾಪಟ್ಟಿಯಿಂದ ಹೊರಬಿತ್ತು. ಬಹುಕಾಲದಿಂದ ಹೆಪ್ಪುಗಟ್ಟಿದ್ದ ಹಿಮನದಿಯನ್ನು ಒಂದು ದಿನಾಂಕಕ್ಕಾಗಿ ಅಗೆದರಲ್ಲ ಎಂಬ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ಕೆಲಸಗಾರರ ಕೂಲಿಯ ಪ್ರಶ್ನೆ ಎತ್ತುವವರಿದ್ದಾರೆ. ಅದು ಉದ್ಯೋಗದ ಕರಾರಿನ ಪ್ರಶ್ನೆ, ಅದಕ್ಕೆ ಹಿಮವನ್ನು ಹೊಣೆ ಮಾಡಬೇಕಿಲ್ಲ.

ಬೇಗ ತೆರೆಯಲು ಬೇರೆ ದಾರಿಯೂ ಇದೆ. ಸ್ವಿಟ್ಜರ್ಲೆಂಡಿನ ದಾವೋಸ್‌ನವರು ಹಿಂದಿನ ಚಳಿಗಾಲದ ಹಿಮವನ್ನು ಗುಡ್ಡೆ ಹಾಕಿ, ಮೇಲೆ ದಪ್ಪಗೆ ಮರದ ಹೊಟ್ಟು ಮುಚ್ಚಿ, ಬೇಸಿಗೆಯಿಡೀ ಕಾಪಾಡಿ, ಅಕ್ಟೋಬರ್ ಕೊನೆಗೆ ಅದನ್ನೇ ಹರಡಿ ಕ್ರಾಸ್-ಕಂಟ್ರಿ ದಾರಿ ತೆರೆಯುತ್ತಾರೆ. ಕಡುಚಳಿಯಲ್ಲಿ ಸುಲಭವಾಗಿ ಆದ ಹಿಮ ಅದು. ಫಿನ್ಲೆಂಡಿನ ಲೆವಿ, ರುಕಾಗಳಲ್ಲೂ ಹಿಮ ಕೂಡಿಡುವ ಪದ್ಧತಿಯಿದೆ. ಅಂಥ ಕಡೆ ಅಕ್ಟೋಬರಿನಲ್ಲೇ ತೆರೆದರೂ ನಾನು ಸಂತೋಷದಿಂದ ಹೋಗುತ್ತೇನೆ.

ನಾನು ಪಾಸ್ ಕೊಂಡ ತಾಣದಿಂದ ಜುಲೈನಲ್ಲೇ ಪತ್ರ ಬಂದಿತ್ತು, ನವೆಂಬರ್ 14ಕ್ಕೆ ತೆರೆಯುತ್ತೇವೆ ಎಂದು. ಹವಾಮಾನ ವರದಿ ಮುಂದಿನ ಒಂದು ವಾರ ಆ ಬೆಟ್ಟದ ಮೇಲೆ ಮಳೆ ಎನ್ನುತ್ತಿದೆ. ದಿನಾಂಕ ಇನ್ನೂ ಬದಲಾಗಿಲ್ಲ.